ಹನ್ನೆರಡು ಕಾದಂಬರಿ 1,499ಕ್ಕೆ ಅಂದರೆ ಸ್ವಲ್ಪ ತಡೆಯಿರಿ

ಕಳೆದ ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ನಾನು ಮಾಡಿದ ಪೆದ್ದುತನ ಇದು. ಮೊನ್ನೆ ನಮ್ಮೂರ ವಾಟ್ಸಾಪ್ ಗುಂಪಿನಲ್ಲಿ ಅದೇ ಜಾಹೀರಾತು ಮತ್ತೆ ಕಾಣಿಸಿಕೊಂಡಿತು. ಅದಕ್ಕೇ ಬರೆಯುತ್ತಿದ್ದೇನೆ.

ಹೆಸರಾಂತ ಹನ್ನೆರಡು ಕನ್ನಡ ಕಾದಂಬರಿ, ಎಲ್ಲ ಹೊಸ ಪ್ರತಿ, ಒಟ್ಟು 1,499 ರೂಪಾಯಿ. ಜೊತೆಗೊಂದು ಫೋಟೋ. ಹನ್ನೆರಡೂ ಬೆನ್ನು ತೋರಿಸಿಕೊಂಡು ಸಾಲಾಗಿ ನಿಂತಿದ್ದವು. ಅದರಲ್ಲಿ ಒಂದು ದಪ್ಪ ಕಾದಂಬರಿಗೇ ಅಂಗಡಿಯಲ್ಲಿ ಐನೂರು ಆರುನೂರು ಕೊಡಬೇಕು. ಅನುಮಾನ ಬರಬೇಕಿತ್ತು. ಬಂದಿದ್ದು ಆಸೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮಂಥವರ ಕಷ್ಟವೂ ಇದೆ ಅನ್ನಿ. ಹತ್ತು ಪುಸ್ತಕ ಕೈಯಲ್ಲಿ ಹಿಡಿದು, ತಿರುವಿ ನೋಡಿ, ಒಂದನ್ನು ಆರಿಸಬೇಕು ಅಂದರೆ ಮಂಗಳೂರಿಗೇ ಹೋಗಬೇಕು. ಕಾಸರಗೋಡು ಪೇಟೆಯಿಂದ ಲೆಕ್ಕ ಹಾಕಿದರೂ 50 ಕಿಲೋಮೀಟರ್. ಮಳೆಗಾಲದಲ್ಲಿ ಒಂದು ದಿನ ಅದಕ್ಕೇ ಹೋಯಿತು. ಹಾಗಾಗಿ ಫೋನಿನಲ್ಲೇ ಕೇಳಿದೆ. ಮಾರುವವನು ವಿಳಾಸ ನೋಡಿ, 'ಕೇರಳ ಅಲ್ವಾ ಸಾರ್, ಹೊರರಾಜ್ಯ, 150 ಜಾಸ್ತಿ ಆಗ್ತದೆ' ಅಂದ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮಗೆ ಈ ಮಾತು ಅಭ್ಯಾಸ. ಒಟ್ಟು 1,649 ರೂಪಾಯಿ, ಒಬ್ಬ ವ್ಯಕ್ತಿಯ ನಂಬರಿಗೆ, ಮೊದಲೇ ಕಳಿಸಿದೆ. ಬಿಲ್ಲು ಕೇಳಲಿಲ್ಲ.

ಒಂಬತ್ತನೇ ದಿನ ಪಾರ್ಸೆಲ್ ಬಂತು. ಬಿಚ್ಚಿದ ಕೂಡಲೇ ಮೂಗಿಗೆ ಬಡಿದಿದ್ದು ಹೊಸ ಪುಸ್ತಕದ ವಾಸನೆ ಅಲ್ಲ, ಜೆರಾಕ್ಸ್ ಅಂಗಡಿಯದ್ದು. ಮುಖಪುಟದ ಬಣ್ಣ ತೊಳೆದ ಹಾಗೆ ಮಾಸಿತ್ತು. ಸಾಲಿನ ಕೊನೆಯ ಅಕ್ಷರಗಳು ಬೈಂಡಿಂಗ್ ಒಳಗೆ ಹೊಕ್ಕು ಕೂತಿದ್ದವು. ಆ ದಪ್ಪ ಪುಸ್ತಕದ ಮೂರನೇ ಪುಟದಲ್ಲಿ ಪೆನ್ಸಿಲ್ ಗೀಟು. ಹೊಸ ಪುಸ್ತಕಕ್ಕೆ ಯಾರಪ್ಪಾ ಗೀಟು ಎಳೆದಿದ್ದು ಅಂತ ರಬ್ಬರ್ ತಂದು ಉಜ್ಜಿದೆ. ಹೋಗಲಿಲ್ಲ. ಅಚ್ಚಾಗಿತ್ತು! ಯಾವುದೋ ಲೈಬ್ರರಿಯ ಪ್ರತಿ ಸ್ಕ್ಯಾನ್ ಮಾಡಿ, ಓದುಗನ ಗೀಟನ್ನೂ ಸೇರಿಸಿಯೇ ಮುದ್ರಿಸಿದ್ದಾರೆ. ಮೊದಲ ಪುಟದ ಮೂಲೆಯಲ್ಲಿ ಅರ್ಧ ಅಳಿಸಿದ ದುಂಡು ಸೀಲಿನ ನೆರಳೂ ಇತ್ತು.

ಕೆಟ್ಟ ಸ್ಕ್ಯಾನಿಗೆ ಮೊದಲು ಬಲಿಯಾಗುವುದು ನಮ್ಮ ಒತ್ತಕ್ಷರ. 'ಷ್ಟ್ರ', 'ಸ್ತ್ರ' ಎಲ್ಲ ಶಾಯಿ ತುಂಬಿ ಇರುವೆ ಸತ್ತ ಹಾಗೆ ಬಿದ್ದಿರುತ್ತವೆ. ಆಮೇಲೆ ಮಹಾಪ್ರಾಣದ ಸಣ್ಣ ಗೀಟು. 'ಧ'ದ ಕೆಳಗಿನ ಗೀಟು ಹಾರಿಹೋದರೆ ಅದು 'ದ'. ಒಂದು ಪುಟದಲ್ಲಿ ಮನೆಯ ಯಜಮಾನ ಮಗಳ ಮದುವೆಗೆ ದನ ಸಾಲದೆ ಕೊರಗುತ್ತಿದ್ದ. ಹಟ್ಟಿ ತುಂಬ ದನ ಇರುವವನು ಯಾಕೆ ಕೊರಗುತ್ತಾನೆ ಅಂತ ಎರಡು ಸಲ ಓದಿದ ಮೇಲೆ ಗೊತ್ತಾಯಿತು, ಅದು ಧನ.

ಇಷ್ಟನ್ನೂ ಸಹಿಸಿಕೊಂಡು ಆ ದಪ್ಪ ಕಾದಂಬರಿ ಓದಿದೆ. ಕತೆ ಹಿಡಿದುಬಿಟ್ಟಿತ್ತು. 192ನೇ ಪುಟ ತಿರುಗಿಸಿದರೆ 209! ಮಾತಾಡುತ್ತಿದ್ದ ಹೆಂಗಸು ಮಾತಿನ ನಡುವೆಯೇ ಮಾಯ.

ಪುಸ್ತಕದ ಕೆಲಸ ಗೊತ್ತಿರುವವರಿಗೆ ಇದು ತಟ್ಟನೆ ಹೊಳೆಯುತ್ತದೆ. ನಮ್ಮ ಕಾದಂಬರಿಗಳು ಸಾಮಾನ್ಯವಾಗಿ 1/8 ಡೆಮಿ ಆಕಾರದವು, 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿಯುವ ಒಂದು ಕಟ್ಟು. ಹನ್ನೆರಡು ಫಾರಂ ಅಂದರೆ ಸರಿಯಾಗಿ 192 ಪುಟ. ಹದಿಮೂರನೆಯದು ಪೂರ್ತಿ ಇಲ್ಲ. ಲೈಬ್ರರಿಯ ಪ್ರತಿಯಲ್ಲೇ ಅದು ಹೊಲಿಗೆ ಬಿಚ್ಚಿ ಉದುರಿರಬೇಕು. ಸ್ಕ್ಯಾನ್ ಮಾಡಿದವನು ಪುಟದ ನಂಬರ್ ನೋಡುವ ಜಾತಿಯವನಲ್ಲ.

ಮಾರಿದವನಿಗೆ ಫೋಟೋ ಕಳಿಸಿದೆ. ಪಾಪ, ಒಂದು ಬದಲಿ ಪ್ರತಿ ಕಳಿಸಿದ. ಅದರಲ್ಲೂ 192 ಆದಮೇಲೆ 209! ಅದೇ ಪೆನ್ಸಿಲ್ ಗೀಟು, ಅದೇ ಜಾಗದಲ್ಲಿ. ಇದು ನಕಲಿ ಅಲ್ವಾ ಅಂತ ನೇರವಾಗಿ ಕೇಳಿದ್ದಕ್ಕೆ, 'ತೀರಿಹೋದ ಸಾಹಿತಿಗಳ ಪುಸ್ತಕ ಯಾರು ಬೇಕಾದರೂ ಪ್ರಿಂಟ್ ಮಾಡಬಹುದು ಸಾರ್' ಅಂದ. ಸುಮ್ನೆ ಸುಳ್ಳು. ನಮ್ಮ ಕಾನೂನಿನಲ್ಲಿ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1963ರಲ್ಲಿ ತೀರಿಕೊಂಡ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಬದುಕಿದ್ದಾಗ ಅಚ್ಚು ಹಾಕಿಸಿದ್ದನ್ನು 2024ರಿಂದ ಯಾರು ಬೇಕಾದರೂ ಮುದ್ರಿಸಬಹುದು, ಸರಿ. 1997ರಲ್ಲಿ ಹೋದ ಕಾರಂತರ ಕಾದಂಬರಿಗೆ 2057ರ ಕೊನೆಯವರೆಗೆ ಕಾಯಬೇಕು. ಇದನ್ನೆಲ್ಲ ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಆಮೇಲೆ ಅವನ ಫೋಟೋ ಮಾಯವಾಯಿತು. ನನ್ನನ್ನು ಬ್ಲಾಕ್ ಮಾಡಿದ್ದ.

ನೀವು ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮುಖಪುಟದ ಫೋಟೋ ಬೇಡ, ಮುದ್ರಣದ ವಿವರ ಇರುವ ಒಳಪುಟದ ಫೋಟೋ ಕೇಳಿ. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಎಷ್ಟು ಪುಟ, ಯಾವ ಕಾಗದ (70 ಜಿಎಸ್‌ಎಂ ಮ್ಯಾಪ್ಲಿಥೋ ಅನ್ನುವ ಹಾಗೆ), ಮುದ್ರಕರು ಯಾರು ಅಂತ ಕನ್ನಡ ಪುಸ್ತಕದಲ್ಲಿ ಸಾಮಾನ್ಯವಾಗಿ ಹಾಕಿರುತ್ತಾರೆ. ನನಗೆ ಬಂದ ಹನ್ನೆರಡರಲ್ಲಿ ಒಂಬತ್ತಕ್ಕೆ ಆ ಪುಟವೇ ಇರಲಿಲ್ಲ. ಐಎಸ್‌ಬಿಎನ್ ನಂಬರ್ ನೋಡಿ ನಂಬಬೇಡಿ, ಹಿಂಬದಿ ಸ್ಕ್ಯಾನ್ ಮಾಡುವಾಗ ಅದೂ ಬಂದುಬಿಡುತ್ತದೆ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ. ನನ್ನ ಹತ್ತಿರ ಇರಲಿಲ್ಲ.

ದುಡ್ಡು ಹೋಗಿ ಏನೂ ಬರದೇ ಇದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬಂದಿದ್ದು ಕಳಪೆ ಅಂದರೆ ಗ್ರಾಹಕ ಸಹಾಯವಾಣಿ 1915. ನಾನು ಅಲ್ಲಿ ದೂರು ಬರೆಸಿದ್ದೇನೆ, ಇನ್ನೂ ಏನೂ ಆಗಿಲ್ಲ. ಮಾರಿದವನು ಯಾವ ಊರಿನವನೇ ಆಗಲಿ, 2019ರ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದ ಒಳಗಿನದಕ್ಕೆ ಶುಲ್ಕವೂ ಇಲ್ಲ. 1,649 ರೂಪಾಯಿಗೆ ಕಾಸರಗೋಡು ಅಲೆಯುತ್ತೀರಾ ಅಂತ ಮನೆಯಲ್ಲಿ ನಗುತ್ತಾರೆ. ಅಡಿಕೆ ಕೊಯ್ಲು ಮುಗಿಯಲಿ, ನೋಡೋಣ.

ಆ ಹೆಂಗಸು ಏನು ಹೇಳಲು ಹೊರಟಿದ್ದಳು ಅನ್ನುವುದು ಮಾತ್ರ ತಲೆಯಿಂದ ಹೋಗಲಿಲ್ಲ. ಕೊನೆಗೆ ಮಂಗಳೂರಿಗೆ ಹೋಗಿ ಅದೊಂದು ಕಾದಂಬರಿಯ ಅಸಲಿ ಪ್ರತಿ ತಂದೆ. 595 ರೂಪಾಯಿ. ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ನೇರ 193ನೇ ಪುಟ ತೆಗೆದೆ. ತಲಪಾಡಿ ದಾಟುವಾಗ 208 ಮುಗಿದಿತ್ತು.