ಎರಡು ಲೋಟ ನೀರು ಕೇಳಿ ಟೆಸ್ಟ್ ತೋರಿಸುವವರ ಬಗ್ಗೆ ಹುಷಾರು

ಗಡಸು ನೀರಿಗೆ ಪರಿಹಾರ ಕೊಡುತ್ತೇವೆ ಅಂತ ಬಾಗಿಲಿಗೆ ಬರುವವರು ಎರಡು ಲೋಟ ಕೇಳಿದರೆ ಅಲ್ಲಿಗೇ ಕೈ ಮುಗಿದು ಕಳಿಸಿಬಿಡಿ. ಆ ಆಟದಲ್ಲಿ ನಮ್ಮ ಮನೆಯ ದುಡ್ಡೂ ಹೋಯಿತು, ಗೀಸರೂ ಹೋಯಿತು. ಮಾರಿದವರ ಹೆಸರು ಬರೆಯುವುದಿಲ್ಲ. ಇದೇ ಆಟ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತದೆ, ಆಟ ಹೇಗೆ ಅಂತ ಗೊತ್ತಿದ್ದರೆ ಸಾಕು.

ನಮ್ಮದು ಬೋರ್‌ವೆಲ್ ನೀರು. ನಲ್ಲಿ ಬುಡದಲ್ಲಿ ಬಿಳಿ ಪದರ, ಶವರ್‌ನ ಅರ್ಧ ತೂತು ಕಟ್ಟಿಕೊಂಡು ನೀರು ಗೋಡೆಗೆ ಹಾರುವುದು, ಬಕೆಟ್ ಒಳಗೆ ಎಷ್ಟು ಉಜ್ಜಿದರೂ ಹೋಗದ ಒರಟು, ಸೋಪು ಹಚ್ಚಿದರೆ ನೊರೆಯ ಬದಲು ಜಿಗುಟು. ಇಂಥ ನೀರಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಒಬ್ಬರೇ ಮನೆಯಲ್ಲಿದ್ದಾಗ ಮಾರುವವನು ಬಂದ.

ಒಂದು ಲೋಟಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನೇ ಬಾಟಲಿಯಲ್ಲಿ ತಂದ ಆರ್‌ಓ ನೀರು. ಲೋಹದ ಕಡ್ಡಿಗಳಿರುವ ಪುಟ್ಟ ಯಂತ್ರವನ್ನು ಎರಡರಲ್ಲೂ ಮುಳುಗಿಸಿ ಕರೆಂಟ್ ಹಾಕಿದ. ನಲ್ಲಿ ನೀರು ನೋಡನೋಡುತ್ತಿದ್ದಂತೆ ಹಳದಿಯಾಯಿತು, ಆಮೇಲೆ ಕಂದು, ಕೊನೆಗೆ ಮೇಲೆಲ್ಲ ಗಸಿ ತೇಲುವ ಕೊಚ್ಚೆ. ಬಾಟಲಿ ನೀರು ತಿಳಿಯಾಗೇ ಇತ್ತು. "ನೋಡಿ ಅಂಕಲ್, ಇದೇ ನಿಮ್ಮ ಹೊಟ್ಟೆಗೆ ಹೋಗ್ತಿರೋದು, ಇದೇ ಗೀಸರ್ ಒಳಗೆ ಕೂರೋದು" ಅಂದ. ಅಪ್ಪನಿಗೆ ಗಾಬರಿಯಾಯಿತು. ಅದನ್ನು ನೋಡಿದರೆ ಯಾರಿಗಾದರೂ ಆಗುತ್ತದೆ.

ಆ ಕೊಚ್ಚೆ ಬಂದದ್ದು ಅವನ ಕಡ್ಡಿಯಿಂದ. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಕರೆಂಟ್ ಹರಿದಾಗ ಆ ಕಬ್ಬಿಣ ಕರಗಿ ತುಕ್ಕಾಗಿ ನೀರಿಗೆ ಇಳಿಯುತ್ತದೆ. ಕರೆಂಟ್ ಚೆನ್ನಾಗಿ ಹರಿಯಬೇಕಾದರೆ ನೀರಿನಲ್ಲಿ ಏನಾದರೂ ಲವಣ ಕರಗಿರಬೇಕು. ನಲ್ಲಿ ನೀರಿನಲ್ಲಿ ಅದು ಇರುತ್ತದೆ, ಆರ್‌ಓ ನೀರಿನಲ್ಲಿ ತೀರಾ ಕಡಿಮೆ, ಅದಕ್ಕೇ ಅದು ತಿಳಿಯಾಗಿ ಉಳಿಯುವುದು. ಬಾಟಲಿ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಕರೆಂಟ್ ಕೊಡಪ್ಪಾ ಅನ್ನಿ, ಅದೂ ಕೊಚ್ಚೆಯಾಗುತ್ತದೆ. ನೀರನ್ನು ಗಡಸು ಮಾಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಕರಗಿರುವಾಗ ಅವಕ್ಕೆ ಬಣ್ಣವಿಲ್ಲ, ಪದರ ಕಟ್ಟಿದರೆ ಬಿಳಿ. ಕಂದು ಬಣ್ಣಕ್ಕೂ ಅವಕ್ಕೂ ಸಂಬಂಧವೇ ಇಲ್ಲ.

ಹೊಟ್ಟೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಲೆಕ್ಕದಲ್ಲಿ ಯಾವ ಮಿತಿಯನ್ನೂ ಇಟ್ಟಿಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಇದ್ದರೆ ಅದು ಬೇರೆ ವಿಷಯ, ನಿಜಕ್ಕೂ ನೋಡಬೇಕಾದ ವಿಷಯ, ಅದಕ್ಕೆ ಲ್ಯಾಬ್‌ನಲ್ಲೇ ಟೆಸ್ಟ್ ಮಾಡಿಸಬೇಕು. ಲೋಟದ ಆಟದಲ್ಲಿ ಅವು ಕಾಣುವುದೇ ಇಲ್ಲ.

ಇನ್ನು ಮಜಾ ನೋಡಿ. ತೋರಿಸಿದ್ದು ಆರ್‌ಓ ನೀರು, ಮಾರಿದ್ದು ಅಯಸ್ಕಾಂತ! ಪೈಪಿನ ಮೇಲೆ ಕ್ಲಿಪ್ ಥರ ಕೂರಿಸುವ ಒಂದು ಪೆಟ್ಟಿಗೆ. ಉಪ್ಪು ಹಾಕುವುದು ಬೇಡ, ಕರೆಂಟ್ ಬೇಡ, ಪೈಪ್ ಕತ್ತರಿಸುವುದೂ ಬೇಡ, ಇದರ ಪಕ್ಕದಲ್ಲಿ ಹರಿದರೆ ಸಾಕು ನೀರು ಸಾಫ್ಟ್ ಆಗುತ್ತದೆ ಅಂತ ಹೇಳಿ ಹಾಕಿ ಹೋದ.

ಸೋಪಿನ ಜಿಗುಟು ಹಾಗೇ ಇತ್ತು. ಕೇಳಿದರೆ "ಹಳೇದೆಲ್ಲ ಬಿಟ್ಕೊಂಡು ಬರ್ತಿದೆ ಸರ್, ಸ್ವಲ್ಪ ಟೈಮ್ ಕೊಡಿ" ಅಂದರು. ಆಮೇಲೆ ಗೀಸರ್ ಒಳಗಿನಿಂದ ಪಟಪಟ ಸದ್ದು ಶುರುವಾಯಿತು. ನೀರು ಕಾಯುವುದು ನಿಧಾನವಾಯಿತು. ಒಂದು ದಿನ ಸ್ವಿಚ್ ಹಾಕಿದ ಕೂಡಲೇ ಮನೆಯ ಕರೆಂಟೇ ಟ್ರಿಪ್ ಆಯಿತು. ರಿಪೇರಿಯವರು ಬಿಚ್ಚಿದಾಗ ಕಾಯಿಲ್ ಮೇಲೆ ಬಿಳಿ ಗಟ್ಟಿ ಪದರ, ಒಂದು ಕಡೆ ಬಿರುಕು, ಟ್ಯಾಂಕ್ ತಳದಲ್ಲಿ ಮೊಟ್ಟೆಚಿಪ್ಪಿನ ಚೂರಿನಂಥ ಹಳುಕು ತುಂಬಿತ್ತು. ಟ್ಯಾಂಕೂ ತೂತು ಬಿದ್ದಿತ್ತು, ಹಾಗಾಗಿ ಕಾಯಿಲ್ ಬದಲಿಸಿ ಪ್ರಯೋಜನವಿರಲಿಲ್ಲ. ಗಡಸು ನೀರು ಕಾದಾಗ ಅದರಲ್ಲಿ ಕರಗಿರುವ ಬೈಕಾರ್ಬೊನೇಟ್ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರುತ್ತದೆ, ಅದೂ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಜಾಸ್ತಿ. ಆ ಪದರ ಬಿಸಿಯನ್ನು ನೀರಿಗೆ ಬಿಡುವುದಿಲ್ಲ, ಕಾಯಿಲ್ ತನ್ನ ಬಿಸಿಗೆ ತಾನೇ ಸುಡುತ್ತದೆ. ನಮ್ಮ ಗೀಸರ್‌ನ ಸೇಫ್ಟಿ ವಾಲ್ವ್ ಕೂಡ ಪದರ ಹಿಡಿದು ಬಿಗಿಯಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಇದನ್ನು ನೋಡಿ. ಒತ್ತಡ ಹೆಚ್ಚಾದಾಗ ತೆರೆಯಬೇಕಾದ ವಾಲ್ವ್ ಅದು.

ಆಗ ನಾನು ಹನಿ ಹಾಕಿ ನೋಡುವ ಗಡಸುತನದ ಟೆಸ್ಟ್ ಕಿಟ್ ತಂದೆ. ಕೆಂಪು ಬಣ್ಣ ನೀಲಿಗೆ ತಿರುಗುವವರೆಗೆ ಹನಿ ಎಣಿಸುವುದು, ಅಷ್ಟೇ ಕೆಲಸ. ಟ್ಯಾಂಕಿನಿಂದ ನೇರ ಹಿಡಿದ ನೀರು ಲೀಟರಿಗೆ 420 ಮಿಲಿಗ್ರಾಂ. ಪೆಟ್ಟಿಗೆ ದಾಟಿ ಬಂದ ನೀರೂ 420. ಸಾಮಾನ್ಯವಾಗಿ 60ರ ಒಳಗಿದ್ದರೆ ಮೆದು ನೀರು, 180 ದಾಟಿದರೆ ತುಂಬಾ ಗಡಸು ಅನ್ನುತ್ತಾರೆ.

ಫೋನ್ ಮಾಡಿ ಲೆಕ್ಕ ಹೇಳಿದೆ. ಮಾತೇ ಬದಲಾಯಿತು. "ಸಾಫ್ಟ್ ಆಗುತ್ತೆ ಅಂತ ನಾವು ಹೇಳೇ ಇಲ್ಲ ಸರ್, ಪದರ ಅಂಟೋದಿಲ್ಲ ಅಂದಿದ್ದು." ಅಂಟಿದೆಯಲ್ಲ, ಫೋಟೋ ಕಳಿಸಲಾ ಅಂದರೆ, ನಿಮ್ಮ ನೀರು ಜಾಸ್ತಿ ಗಡಸು, ಇನ್ನೊಂದು ಪೆಟ್ಟಿಗೆ ಹಾಕಿಸಿ ಅನ್ನುವ ಸಲಹೆ. ವಾರಂಟಿ ಇದೆಯಲ್ಲ? ಇದೆ, ಅಯಸ್ಕಾಂತಕ್ಕೆ. ಅದು ಇನ್ನೂ ಅಯಸ್ಕಾಂತವಾಗೇ ಇದೆಯಂತೆ, ಕೆಟ್ಟಿಲ್ಲವಂತೆ. ಇದಕ್ಕೆ ಏನಂತ ಉತ್ತರ ಕೊಡುತ್ತೀರಿ?

ಜಗಳ ಜೋರಾದ ಮೇಲೆ "ಫ್ರೀ ಕ್ಲೀನಿಂಗ್" ಅಂತ ಒಬ್ಬನನ್ನು ಕಳಿಸಿದರು. ಅದು ಇನ್ನೊಂದು ಕಥೆ. ಅವನು ಬಾತ್‌ರೂಮಿಗೆ ಹೋಗಿ ನಲ್ಲಿಗಳ ಮೇಲೂ ನೆಲಕ್ಕೂ ಸೀದಾ ಆಸಿಡ್ ಸುರಿದ. ಬೆಳಿಗ್ಗೆ ಅಮ್ಮ ಅಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ್ದರು, ಅವನು ಕೇಳಲೂ ಇಲ್ಲ. ಘಾಟು ಎದ್ದು ಎಲ್ಲರಿಗೂ ಕೆಮ್ಮು, ಕಣ್ಣುರಿ. ಅದು ಕ್ಲೋರಿನ್ ಅನಿಲ, ಮುಚ್ಚಿದ ಬಾತ್‌ರೂಮಿನಲ್ಲಿ ಜೀವಕ್ಕೇ ಅಪಾಯ. ಬಾಗಿಲು ಕಿಟಕಿ ತೆಗೆದು ಎಲ್ಲರೂ ಹೊರಗೆ ಓಡಿದೆವು. ಆಸಿಡ್ ಮತ್ತು ಬ್ಲೀಚ್ ಒಂದೇ ದಿನ ಒಂದೇ ಜಾಗಕ್ಕೆ ಬೇಡವೇ ಬೇಡ. ಸಾಲದ್ದಕ್ಕೆ ನಲ್ಲಿಯ ಹೊಳಪು ಕಿತ್ತುಹೋಯಿತು, ಬಾಗಿಲ ಬಳಿಯ ಅಮೃತಶಿಲೆ ಕಲ್ಲು ಮಂಕಾಯಿತು. ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ, ಪದರ ಕರಗಿಸುವ ಆಸಿಡ್ ಕಲ್ಲನ್ನೂ ಕರಗಿಸುತ್ತದೆ. ವಿನಿಗರ್, ನಿಂಬೆ ಉಪ್ಪು ಕೂಡ ಆ ಕಲ್ಲಿಗೆ ತಾಗಬಾರದು.

ಉಳಿದ ಕಡೆ ಅವೇ ಸಾಕು. ಶವರ್ ತಲೆ ಬಿಚ್ಚಿ ವಿನಿಗರ್ ಬೆರೆಸಿದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಗುಳ್ಳೆ ಎದ್ದು ಪದರ ಬಿಡುತ್ತದೆ, ಆಮೇಲೆ ಚೆನ್ನಾಗಿ ತೊಳೆಯಿರಿ. ನಲ್ಲಿ, ಗಾಜು ಒದ್ದೆ ಇರುವಾಗಲೇ ಒರೆಸಿಬಿಟ್ಟರೆ ಕಲೆ ಕೂರುವುದೇ ಇಲ್ಲ. ಗೀಸರ್ ಅನ್ನು ವರ್ಷಕ್ಕೊಮ್ಮೆಯಾದರೂ ಗೊತ್ತಿರುವವರಿಂದ ಬಿಚ್ಚಿಸಿ, ಕಾಯಿಲ್, ಸೇಫ್ಟಿ ವಾಲ್ವ್, ಆನೋಡ್ ರಾಡ್ ಮೂರನ್ನೂ ನೋಡಿಸಿ. ಟ್ಯಾಂಕಿನ ಬದಲು ತಾನು ಸವೆಯಲಿ ಅಂತಲೇ ಆ ರಾಡ್ ಇಟ್ಟಿರುತ್ತಾರೆ. ನಮ್ಮದು ಪೂರ್ತಿ ಸವೆದಿತ್ತು.

ಇಡೀ ಮನೆಗೆ ಮೆದು ನೀರು ಬೇಕೇ ಬೇಕು ಅಂದರೆ ಉಪ್ಪು ಹಾಕುವ ಸಾಫ್ಟ್‌ನರ್ ನಿಜವಾಗಿ ಕೆಲಸ ಮಾಡುತ್ತದೆ. ಅದರೊಳಗಿನ ರೆಸಿನ್ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ, ಮಣಿಗಳನ್ನು ಮತ್ತೆ ಸಿದ್ಧ ಮಾಡಲು ಉಪ್ಪುನೀರು ಬೇಕು. ಉಪ್ಪಿನ ಖರ್ಚು ಇದ್ದೇ ಇದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದವರು ಮನೆಯಲ್ಲಿದ್ದರೆ ಕುಡಿಯುವ ನೀರನ್ನು ಅದರಿಂದ ಹೊರಗಿಡಿ. ಇಲ್ಲೂ ಒಂದು ಮೋಸಕ್ಕೆ ಜಾಗವಿದೆ. ಕೆಲವರು ಟಿಡಿಎಸ್ (ನೀರಿನಲ್ಲಿ ಕರಗಿರುವುದೆಲ್ಲ ಸೇರಿ ಒಟ್ಟು ಎಷ್ಟು ಅನ್ನುವ ಲೆಕ್ಕ) ಮೀಟರ್ ಅದ್ದಿ ಗಡಸುತನ ಇಷ್ಟು ಅನ್ನುತ್ತಾರೆ. ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ, ಕ್ಯಾಲ್ಸಿಯಂ ಯಾವುದು ಸೋಡಿಯಂ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಒಳ್ಳೆ ಸಾಫ್ಟ್‌ನರ್ ಹಾಕಿದರೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಏನೇ ತೆಗೆದುಕೊಂಡರೂ ಬಿಲ್ಲಿನ ಮೇಲೆ ಎರಡು ಅಂಕಿ ಬರೆಸಿಕೊಳ್ಳಿ. ಹಾಕುವ ಮೊದಲು ಗಡಸುತನ ಎಷ್ಟು, ಹಾಕಿದ ಮೇಲೆ ಎಷ್ಟಕ್ಕೆ ಇಳಿಯುತ್ತದೆ, ಇಳಿಯದಿದ್ದರೆ ದುಡ್ಡು ವಾಪಸ್ ಅನ್ನುವ ಒಂದು ಸಾಲಿನ ಸಮೇತ, ಸಹಿ ಹಾಕಿಸಿ. ನಮ್ಮ ಬಿಲ್ಲಿನಲ್ಲಿ ಬರೀ "ವಾಟರ್ ಕಂಡೀಷನರ್, ಒಂದು" ಅಂತ ಇದೆ, ಅದನ್ನಿಟ್ಟುಕೊಂಡೇ ಈಗ ದೂರು ಕೊಟ್ಟು ಕಾಯುತ್ತಿದ್ದೇವೆ.