ಸಾವಯವ ದಿನಸಿ ಅಂತ ಆರು ತಿಂಗಳ ಹಣ ಮುಂಗಡ ಕಟ್ಟಬೇಡಿ

ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ‘ರೈತರ ಹೊಲದಿಂದ ನೇರ ನಿಮ್ಮ ಮನೆಗೆ, ಆರು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ’ ಅಂತ ಸಂದೇಶ ಬಂದರೆ, ಹಣ ಹಾಕುವ ಮುಂಚೆ ದಯವಿಟ್ಟು ಇದನ್ನು ಓದಿ. ನಾನು 9,600 ರೂಪಾಯಿ ಕಟ್ಟಿದೆ. ಮೂರು ತಿಂಗಳು ಸಾಮಾನು ಬಂತು, ಆಮೇಲೆ ಫೋನ್ ಸ್ವಿಚ್ ಆಫ್.

ನಮ್ಮದು ನಿಟುವಳ್ಳಿಯಲ್ಲಿ ಬಾಡಿಗೆ ಮನೆ. ಯಜಮಾನರು ಮಂಡಿಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಇಷ್ಟರಲ್ಲಿ ಸಾವಯವ ಯಾಕೆ ಬೇಕಿತ್ತು ಅಂತ ಕೆಲವರು ಕೇಳಿದರು. ನನ್ನ ತವರು ಜಗಳೂರು ತಾಲ್ಲೂಕು. ಒಂದು ವರ್ಷ ಅಪ್ಪ ಈರುಳ್ಳಿ ತುಂಬಿಕೊಂಡು ಮಾರುಕಟ್ಟೆಗೆ ಹೋಗಿ, ಕಿತ್ತ ಕೂಲಿಯೂ ಹುಟ್ಟದೆ ವಾಪಸ್ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾವು ಕೊಡುವ ದುಡ್ಡು ಬೆಳೆದವರ ಕೈಗೆ ಹೋಗಲಿ, ಮಕ್ಕಳ ಹೊಟ್ಟೆಗೆ ಔಷಧಿ ಹೊಡೆದದ್ದು ಕಡಿಮೆ ಹೋಗಲಿ, ಇಷ್ಟೇ ನನ್ನ ಆಸೆ. ಅದಕ್ಕೆ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಐದು ತಿಂಗಳು ಮುಟ್ಟದೆ ಕೂಡಿಟ್ಟೆ.

ಮೊದಲ ತಿಂಗಳು ಎಲ್ಲಾ ಚೆನ್ನಾಗಿತ್ತು. ಬಟ್ಟೆಯ ಚೀಲ, ಅದರ ಮೇಲೆ ಹೊಲದಲ್ಲಿ ನಿಂತ ರೈತರೊಬ್ಬರ ಫೋಟೊ. ಅಕ್ಕಿ, ತೊಗರಿಬೇಳೆ, ನವಣೆ, ರಾಗಿ, ಬೆಲ್ಲ, ಗಾಣದ ಶೇಂಗಾ ಎಣ್ಣೆ ಎರಡು ಲೀಟರ್. ಎರಡನೇ ತಿಂಗಳು ಬೇಳೆ ಬೇಯಲಿಲ್ಲ, ನವಣೆಯಲ್ಲಿ ಕಲ್ಲು. ಕೇಳಿದರೆ ‘ಸಾವಯವ ಅಂದ್ರೆ ಹಾಗೇ ಮೇಡಂ, ಪಾಲಿಶ್ ಇರಲ್ಲ’ ಅಂದರು. ನಾನೂ ನಂಬಿದೆ. ಬೇಳೆಯನ್ನು ರಾತ್ರಿಯೇ ನೆನೆಹಾಕಿ ಬೇಯಿಸಿದೆ.

ಮೂರನೇ ತಿಂಗಳು ನನ್ನ ಮೈದುನ ಊಟಕ್ಕೆ ಬಂದಿದ್ದ. ಅವನದು ಲಗೇಜ್ ಆಟೋ, ಎಪಿಎಂಸಿ ಕಡೆ ಬಾಡಿಗೆ ಹೊಡೆಯುತ್ತಾನೆ. ಚೀಲದ ಮೇಲಿನ ಫೋಟೊ ನೋಡಿ ಊಟ ಬಿಟ್ಟು ಎದ್ದ. ‘ಅತ್ತಿಗೆ, ಇವರ ಗೋಡೌನ್‌ಗೆ ಮಂಡಿಯಿಂದ ಬೇಳೆ ಚೀಲ ಹಾಕಿ ಬರೋದು ನಾನೇ. ಅಲ್ಲಿ ಹೆಂಗಸರು ಕೂತು ಇದೇ ಚೀಲಕ್ಕೆ ತುಂಬ್ತಾರೆ’ ಅಂದ. ಮಂಡಿಯ ಬೇಳೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನಾವೆಲ್ಲ ಅದನ್ನೇ ತಿಂದು ಬೆಳೆದವರು. ಆದರೆ ಅದಕ್ಕೆ ಕೆಜಿಗೆ 180 ಕೊಟ್ಟು, ದುಡ್ಡು ರೈತರಿಗೆ ಹೋಯಿತು ಅಂತ ನೆಮ್ಮದಿಯಾಗಿ ಮಲಗಿದೆನಲ್ಲ, ಅದು ಹೊಟ್ಟೆ ಉರಿಸಿತು.

ಎಣ್ಣೆಯ ಲೆಕ್ಕವನ್ನಂತೂ ನಾನು ಮೊದಲೇ ಹಾಕಬೇಕಿತ್ತು. ನಮ್ಮ ಮನೆಯಲ್ಲೇ ಶೇಂಗಾ ಬೆಳೆಯುತ್ತಿದ್ದರು, ಪಕ್ಕದ ಚಳ್ಳಕೆರೆಯನ್ನು ಎಣ್ಣೆ ನಗರ ಅಂತಲೇ ಕರೆಯುತ್ತಾರೆ, ಗೊತ್ತಿಲ್ಲದ ವಿಷಯವೇನಲ್ಲ. ಒಂದು ಲೀಟರ್ ಗಾಣದ ಎಣ್ಣೆಗೆ ಹೆಚ್ಚುಕಡಿಮೆ ಎರಡೂಕಾಲು ಕೆಜಿ ಬೀಜ ಬೇಕು. ಆಗ ನಮ್ಮ ಅಂಗಡಿಯಲ್ಲಿ ಬೀಜ ಕೆಜಿಗೆ 130 ಇತ್ತು, ಅಂದರೆ ಬೀಜಕ್ಕೇ 290 ದಾಟಿತು. ಸಗಟಿನಲ್ಲಿ ಸ್ವಲ್ಪ ಕಡಿಮೆಗೆ ಸಿಗಲಿ, ಹಿಂಡಿ ಮಾರಿ ಒಂದಿಷ್ಟು ವಾಪಸ್ ಬರಲಿ, ಆದರೂ ಗಾಣದ ಕೂಲಿ, ಬಾಟಲಿ, ಸಾಗಣೆ ಎಲ್ಲಾ ಸೇರಿ, ಅದೂ ಸಾವಯವ ಬೀಜದ ಎಣ್ಣೆಯನ್ನು ಅವರು 220ಕ್ಕೆ ಹೇಗೆ ಕೊಟ್ಟರು? ಕಡಿಮೆಗೆ ಸಿಕ್ಕಿತಲ್ಲ ಅಂತ ಖುಷಿಪಟ್ಟೆನೇ ಹೊರತು ಈ ಪ್ರಶ್ನೆ ಕೇಳಿಕೊಳ್ಳಲಿಲ್ಲ. ಕೈ ಬಿಗಿ ಇರುವವರು ಸಿಕ್ಕಿಬೀಳುವುದು ಇಲ್ಲೇ.

ಬೆಲ್ಲದ್ದೂ ಅಷ್ಟೇ. ಹಳದಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುತ್ತಾರೆ ಅಂತ ಗೊತ್ತಿತ್ತು, ಹಾಗಾಗಿ ಕಪ್ಪಗಿದ್ದರೆ ಸಾವಯವ ಅಂದುಕೊಂಡಿದ್ದೆ. ಆದರೆ ಕಬ್ಬಿನ ಗದ್ದೆಗೆ ಏನು ಸುರಿದಿದ್ದಾರೆ ಅನ್ನುವುದು ಬೆಲ್ಲದ ಬಣ್ಣದಿಂದ ತಿಳಿಯುವುದಿಲ್ಲ.

ಪೊಟ್ಟಣದ ಮೇಲೆ ಜೈವಿಕ್ ಭಾರತ್ ಲೋಗೊ, ಅಂದರೆ ಪ್ರಮಾಣಪತ್ರ ಪಡೆದ ಸಾವಯವ ಸಾಮಾನಿನ ಗುರುತು, ಯಾಕಿಲ್ಲ ಅಂತ ಒಮ್ಮೆ ಕೇಳಿದ್ದೆ. ‘ಸಣ್ಣ ರೈತರಿಗೆ ಪ್ರಮಾಣಪತ್ರ ಬೇಕಿಲ್ಲ’ ಅಂದರು. ಆ ಮಾತು ಪೂರ್ತಿ ಸುಳ್ಳಲ್ಲ, ಸಣ್ಣ ರೈತರು ತಾವೇ ನೇರವಾಗಿ ನಮಗೆ ಮಾರಿದರೆ ವಿನಾಯಿತಿ ಇದೆ. ಹಾಗಾದರೆ ಆ ರೈತರು ಯಾರು, ಯಾವ ಊರು? ಭಾನುವಾರ ಹೊಲ ತೋರಿಸುತ್ತೇವೆ ಅಂದವರು ಒಂದು ಭಾನುವಾರವೂ ತೋರಿಸಲಿಲ್ಲ. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲಿಲ್ಲ, ಪ್ಯಾಕ್ ಮಾಡಿದ ತಿಂಗಳು ಇರಲಿಲ್ಲ, ವಿಳಾಸವೂ ಇರಲಿಲ್ಲ. ರೈತರ ಫೋಟೊ ಮಾತ್ರ ಇತ್ತು. ನಾನು ಅದನ್ನೇ ನೋಡಿ ಸುಮ್ಮನಾದೆ.

ಇದನ್ನೆಲ್ಲ ಗುಂಪಿನಲ್ಲಿ ಕೇಳಿದ ದಿನವೇ ನನ್ನನ್ನು ಗುಂಪಿನಿಂದ ತೆಗೆದರು. ಉಳಿದ ಮೂರು ತಿಂಗಳ 4,800 ಹೋಯಿತು. ಆ ತಿಂಗಳು ಮಕ್ಕಳಿಗೆ ಹಾಲು ಅರ್ಧ ಲೀಟರ್ ಕಡಿಮೆ ಮಾಡಬೇಕಾಯಿತು. ಬರೆಯುವಾಗಲೂ ಸಂಕಟ ಆಗುತ್ತದೆ.

ನಾನು ಆಸೆ ಬಿಟ್ಟಿಲ್ಲ, ಎಲ್ಲವನ್ನೂ ಒಂದೇ ಸಲ ಬದಲಾಯಿಸಲು ಹೋಗುವುದನ್ನು ಬಿಟ್ಟಿದ್ದೇನೆ. ಅಕ್ಕಿ ರೇಷನ್‌ದು, ಬೇಳೆ ಮಾಮೂಲಿ ಅಂಗಡಿಯದು. ಎಣ್ಣೆಗೆ ಮಾತ್ರ ತವರಿನ ಬೀಜ ಒಯ್ದು ಗಾಣದಲ್ಲಿ ಕೂಲಿ ಕೊಟ್ಟು ಎದುರಿಗೇ ಹಾಕಿಸುತ್ತೇನೆ, ಹಿಂಡಿ ಎಮ್ಮೆ ಸಾಕಿದವರಿಗೆ ಹೋಗುತ್ತದೆ. ನವಣೆಯನ್ನು ಊರಲ್ಲಿ ಬೆಳೆದವರ ಹತ್ತಿರವೇ ಹತ್ತು ಕೆಜಿ ತರುತ್ತೇನೆ, ಕಲ್ಲು ಆರಿಸುವ ಕೆಲಸ ನನ್ನದು. ಸೊಪ್ಪಿಗೆ ಹಳ್ಳಿಯಿಂದ ಬುಟ್ಟಿ ಹೊತ್ತು ತರುವ ಅಜ್ಜಿ ಇದ್ದಾರೆ, ಅವರ ಹತ್ತಿರ ಚೌಕಾಶಿ ಮಾಡುವುದಿಲ್ಲ. ನನ್ನ ಜೇಬಿಗೆ ಸದ್ಯ ಇಷ್ಟೇ ಆಗುವುದು.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೆ. ಬಿಲ್ ಕೇಳಿದರು, ನನ್ನ ಹತ್ತಿರ ಇರಲಿಲ್ಲ. ಯಾರದೋ ವೈಯಕ್ತಿಕ ನಂಬರ್‌ಗೆ ಹಣ ಹಾಕಿದ ಸ್ಕ್ರೀನ್‌ಶಾಟ್ ಮಾತ್ರ ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ನಮ್ಮ ಬೀದಿಯಲ್ಲೇ ಹೀಗೆ ಕಟ್ಟಿದವರು ಏಳು ಮನೆ ಇದ್ದೇವೆ. ನೀವೂ ಕಟ್ಟಿದ್ದರೆ ಚಾಟ್ ಅಳಿಸಬೇಡಿ, ಖಾಲಿ ಚೀಲ ಎಸೆಯಬೇಡಿ. ಮುಂದಿನ ವಾರ ಎಲ್ಲರೂ ಸೇರಿ ದೂರು ಕೊಡುತ್ತಿದ್ದೇವೆ, ನಿಮ್ಮದನ್ನೂ ಸೇರಿಸೋಣ.