ಕೋಣೆಯೊಳಗಿನ ಸಸಿಗೆ ಕೆಂಪು ನುಸಿ: ನೀರು, ಬೇವಿನೆಣ್ಣೆ, ಗಂಧಕ, ಅಂಗಡಿ ಔಷಧ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮೇಲಿನ ಕೋಣೆಯಲ್ಲೊಂದು ಕಬ್ಬಿಣದ ರ‍್ಯಾಕ್ ಇದೆ. ನಾಲ್ಕು ಹಂತ, ಹಂತಕ್ಕೆರಡು ಎಲ್‌ಇಡಿ ಟ್ಯೂಬು, ಪಕ್ಕದಲ್ಲಿ ಟೇಬಲ್ ಫ್ಯಾನು. ಬೀನ್ಸ್, ಮೆಣಸಿನಕಾಯಿ, ಬದನೆ ಸಸಿ ಮೇಲೆ, ಮಿನಿ ಗುಲಾಬಿ ಕೆಳಗೆ. ಹೋದ ಬೇಸಿಗೆಯಲ್ಲಿ ನಾಲ್ಕಕ್ಕೂ ಕೆಂಪು ನುಸಿ (ಎಲೆಯ ಅಡಿ ಬಲೆ ಕಟ್ಟುವ ಚುಕ್ಕೆಯಷ್ಟು ಸಣ್ಣ ಜೀವಿ, ಎರಡು ಚುಕ್ಕೆ ನುಸಿ ಅಂತಲೂ ಹೇಳುತ್ತಾರೆ) ಹತ್ತಿತು. ಹೇಗೂ ಹತ್ತಿದೆ, ಒಂದೊಂದು ಹಂತಕ್ಕೆ ಒಂದೊಂದು ಮದ್ದು ಮಾಡಿ ನೋಡೋಣ ಅಂದುಕೊಂಡೆ.

ಮೊದಲು ಅದು ನುಸಿಯೇ ಹೌದಾ ಅಂತ ನೋಡಬೇಕು. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ. ಉದುರಿದ ಚುಕ್ಕೆಗಳು ನಿಧಾನಕ್ಕೆ ಹರಿದಾಡಿದರೆ ನುಸಿ. ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಇದ್ದರೆ ಅನುಮಾನವೇ ಬೇಡ. ಮೆಣಸಿನಕಾಯಿಯಲ್ಲಿ ಮಾತ್ರ ಹುಷಾರು: ಎಲೆ ಮೇಲಕ್ಕೆ ಮುದುಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ಸಣ್ಣ ಹುಳ, ಕೆಳಕ್ಕೆ ಮುದುಡಿದ್ದರೆ ಹಳದಿ ನುಸಿ. ಹಳದಿ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ, ಬಲೆಯನ್ನೂ ಕಟ್ಟುವುದಿಲ್ಲ.

ಹೊರಗಿನ ತೋಟದಲ್ಲಿ ಮಳೆಯ ಹೊಡೆತವಿದೆ, ನುಸಿಯನ್ನು ತಿನ್ನುವ ಬೇರೆ ಜೀವಿಗಳಿವೆ. ಕೋಣೆಯಲ್ಲಿ ಎರಡೂ ಇಲ್ಲ. 30 ಡಿಗ್ರಿಯ ಒಣ ಶಾಖದಲ್ಲಿ ಮೊಟ್ಟೆ ಬೆಳೆದು ನುಸಿಯಾಗಲು ವಾರ, ಹತ್ತು ದಿನ ಸಾಕು. ಗಂಡು ಸೇರದಿದ್ದರೂ ಹೆಣ್ಣು ಮೊಟ್ಟೆಯಿಡುತ್ತದೆ, ಅವೆಲ್ಲ ಗಂಡಾಗುತ್ತವೆ. ಆ ಗಂಡಿನೊಡನೆ ಸೇರಿದರೆ ಮುಂದೆ ಹೆಣ್ಣೂ ಹುಟ್ಟುತ್ತದೆ. ಅಂದರೆ ಒಂದೇ ಹೆಣ್ಣು ಉಳಿದರೂ ವಂಶ ಮುಂದುವರಿಯಿತು ಅಂತಲೇ ಲೆಕ್ಕ. ಯಾವ ಮದ್ದಾದರೂ ಮೊಟ್ಟೆಯ ಮುಂದೆ ಎಷ್ಟು ನಿಲ್ಲುತ್ತದೆ ಅನ್ನುವುದರ ಮೇಲೇ ನಾನು ಅಂಕ ಕೊಟ್ಟಿದ್ದು.

ಬೀನ್ಸ್ ಹಂತಕ್ಕೆ ಬರೀ ನೀರು. ಬಚ್ಚಲಿಗೆ ಒಯ್ದು, ಕುಂಡದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡ ಓರೆ ಮಾಡಿ ಎಲೆಯ ಅಡಿಗೆ ಹ್ಯಾಂಡ್ ಶವರ್ ಬಿಡುವುದು. ಓಡಾಡುವ ನುಸಿ, ಬಲೆ, ಧೂಳು ಎಲ್ಲ ಹೋಗುತ್ತವೆ. ಮೊಟ್ಟೆ ಪೂರ್ತಿ ಹೋಗುವುದಿಲ್ಲ, ಬೀನ್ಸ್ ಎಲೆಯ ರೋಮಕ್ಕೆ ಅಂಟಿಕೊಂಡು ಕೂರುತ್ತದೆ. ಖರ್ಚಿಲ್ಲ, ವಿಷವಿಲ್ಲ, ಆದರೆ ಬೆನ್ನು ನೋಯುತ್ತದೆ. ಎಳೇ ಸಸಿ ಈ ಹೊಡೆತ ತಡೆಯುವುದಿಲ್ಲ.

ಮೆಣಸಿನಕಾಯಿಗೆ ಬೇವಿನೆಣ್ಣೆ ಮತ್ತು ಸೋಪು. ಎಲ್ಲರೂ ಹೇಳುವ ಮದ್ದು ಇದೇ, ಎಲ್ಲರೂ ಬೈಯುವುದೂ ಇದನ್ನೇ. ಬೈಗುಳಕ್ಕೆ ಕಾರಣ ಬಹಳ ಸಲ ಎಣ್ಣೆಯಲ್ಲ, ನೀರು. ನಮ್ಮಲ್ಲಿ ಎರಡು ನೀರು: ನಲ್ಲಿಯಲ್ಲಿ ನಗರಸಭೆ ಕಾಲದಿಂದಲೂ ಬರುವ ಹೊಳೆ ನೀರು, ತೊಟ್ಟಿಯಲ್ಲಿ ಬೋರ್ ನೀರು. ಬೋರಿನದು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಸೋಪನ್ನು ಹಿಡಿದು ಬಿಳಿ ಗಸಿ ಮಾಡಿಬಿಡುತ್ತದೆ. ಆಗ ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತದೆ. ಸ್ಪ್ರೇಯರಿನಿಂದ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ: ಮೊದಲ ಸಾಲಿನ ಗಿಡದ ನುಸಿಗೆ ಸ್ನಾನ, ಕೊನೆಯ ಸಾಲಿನ ಗಿಡದ ಎಲೆಗೆ ಸುಟ್ಟ ಗಾಯ. ಅರ್ಧ ಟ್ರೇಗೆ ನಲ್ಲಿ ನೀರಿನದು, ಅರ್ಧಕ್ಕೆ ಬೋರ್ ನೀರಿನದು ಹೊಡೆದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಸಿಹಿ ನೀರು ಇಲ್ಲದವರು ಮಳೆ ನೀರೋ ಆರ್‌ಒ ಫಿಲ್ಟರ್ ನೀರೋ ಬಳಸಿ.

ಲೀಟರಿಗೆ 5 ಮಿ.ಲೀ. ಎಣ್ಣೆ. ಮೊದಲು ಎಣ್ಣೆಗೆ ಸ್ವಲ್ಪ ದ್ರವ ಸೋಪು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನಂತೆ ಬೆಳ್ಳಗಾಗುವ ತನಕ ಕಲಕಿ, ಆಮೇಲೆ ಉಳಿದ ನೀರು ಸೇರಿಸಬೇಕು. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಎಲೆ ಸುಡುತ್ತದೆ. ಟ್ಯೂಬು ಆರಿಸಿ, ಸಂಜೆ ಹೊಡೆಯಿರಿ. ಎಣ್ಣೆ ತಾಗಿದ ನುಸಿ ಉಸಿರು ಕಟ್ಟಿ ಸಾಯುತ್ತದೆ, ತಾಗದ್ದು ಆರಾಮಾಗಿರುತ್ತದೆ. ಹಾಗಾಗಿ ಎಲೆ ಅಡಿ ಪೂರ್ತಿ ನೆನೆಯಬೇಕು, ನಾಲ್ಕೈದು ದಿನಕ್ಕೊಮ್ಮೆ ಮೂರು ಸಲವಾದರೂ ಹೊಡೆಯಬೇಕು. ಕೋಣೆಯಲ್ಲಿ ಎರಡು ದಿನ ವಾಸನೆ. ಮನೆಯವರು ಮಾತಾಡಿಸುವುದಿಲ್ಲ.

ಗುಲಾಬಿಗೆ ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 3 ಗ್ರಾಂ. ಎಲೆಯ ಬೂದಿ ರೋಗವೂ ಇದರ ಜೊತೆಗೇ ಹೋಯಿತು, ಅದೊಂದು ಲಾಭ. ಆದರೆ ಶಾಖ 32 ಡಿಗ್ರಿ ದಾಟಿದರೆ ಗಂಧಕ ಎಲೆಯನ್ನೇ ಸುಡಬಹುದು. ಏಪ್ರಿಲ್‌ನ ದಾವಣಗೆರೆಯಲ್ಲಿ ಬೆಳಗಿನ ಜಾವ ಬಿಟ್ಟರೆ ಅದಕ್ಕೆ ಮುಹೂರ್ತವೇ ಇಲ್ಲ. ಎಣ್ಣೆ ಹೊಡೆದ ಗಿಡಕ್ಕೆ ಎರಡು ವಾರದೊಳಗೆ ಗಂಧಕ ತಾಗಿಸಬಾರದು. ಸೌತೆ, ಕುಂಬಳದ ಜಾತಿಗೂ ಒಗ್ಗದು. ಮೊಟ್ಟೆಯ ಮೇಲೆ ಪರಿಣಾಮ ಅಷ್ಟಕ್ಕಷ್ಟೇ.

ಬದನೆಗೆ ಔಷಧ. ಎಪಿಎಂಸಿ ಕಡೆಯ ಅಂಗಡಿಯವರು "ಎಲೆ ತಂದೀರೇನ್ರಿ?" ಅಂತ ಕೇಳಿದ್ದು ನನಗೆ ಹಿಡಿಸಿತು. ಏಕೆಂದರೆ ರಸ ಹೀರುವ ಹುಳಕ್ಕೆ ಕೊಡುವ ಇಮಿಡಾಕ್ಲೋಪ್ರಿಡ್ ನುಸಿಯನ್ನು ಕೊಲ್ಲುವುದಿಲ್ಲ. ನುಸಿ ಎಂಟು ಕಾಲಿನ, ಜೇಡದ ಕಡೆಯ ಪ್ರಾಣಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ನುಸಿ ಹೆಚ್ಚುವುದೂ ಉಂಟು. ನುಸಿನಾಶಕವನ್ನೇ ಕೇಳಬೇಕು. ನಾನು ತಂದದ್ದು ಸ್ಪೈರೋಮೆಸಿಫೆನ್. ಮೊಟ್ಟೆ, ಮರಿಗಳ ಮೇಲೆ ಇದರ ಕೆಲಸ ಜೋರು. ದೊಡ್ಡವು ಕೂಡಲೇ ಸಾಯುವುದಿಲ್ಲ, ಮರುದಿನ ನೋಡಿ ಕೆಲಸ ಮಾಡಲಿಲ್ಲ ಅಂತ ಮತ್ತೆ ಹೊಡೆಯಬಾರದು. ಫಲಿತಾಂಶದಲ್ಲಿ ನಾಲ್ಕರಲ್ಲಿ ಇದೇ ಮುಂದು, ಸುಳ್ಳು ಹೇಳಲಾರೆ. ತೊಡಕು ಬೇರೆ ಕಡೆ ಇದೆ. ಲೀಟರಿಗೆ ಬೇಕಾಗುವುದು ಒಂದು ಮಿ.ಲೀ.ಗೂ ಕಡಿಮೆ, ಸಿರಿಂಜ್ ಇಲ್ಲದೆ ಅಳೆಯಲಾಗದು. ಮುಚ್ಚಿದ ಕೋಣೆಯಲ್ಲಂತೂ ಹೊಡೆಯುವ ಹಾಗೇ ಇಲ್ಲ. ಟ್ರೇಗಳನ್ನೆಲ್ಲ ಮಹಡಿಗೆ ಹೊತ್ತು, ಮಾಸ್ಕು, ಗ್ಲೌಸು ಹಾಕಿ ಹೊಡೆದು, ಒಣಗಿದ ಮೇಲೆ ಇಳಿಸಿದೆ. ಅದನ್ನೇ ಪದೇ ಪದೇ ಬಳಸಿದರೆ ನುಸಿ ಒಗ್ಗಿಕೊಳ್ಳುತ್ತದೆ. ಈ ಎರಡು ಚುಕ್ಕೆ ನುಸಿ 90ಕ್ಕೂ ಹೆಚ್ಚು ಔಷಧಗಳಿಗೆ ನಿರೋಧ ಬೆಳೆಸಿಕೊಂಡ ದಾಖಲೆ ಇದೆ.

ನುಸಿ ತಿನ್ನುವ ನುಸಿ ಬಿಡುವ ಉಪಾಯವನ್ನು ನಾನು ಮಾಡಲಿಲ್ಲ. ಹಸಿರುಮನೆಗಳಲ್ಲಿ ಹೆಸರುವಾಸಿಯಾದ ಪರ್ಸಿಮಿಲಿಸ್ ಎಂಬ ಅಂಥ ನುಸಿಗೆ ತೇವದ ಗಾಳಿ ಬೇಕು, ನಮ್ಮ ಬೇಸಿಗೆಯ ಒಣ ಶಾಖಕ್ಕೆ ಅದು ಬಾಳುವುದಿಲ್ಲ.

ಈಗ ನನ್ನ ಕ್ರಮ ಹೀಗಿದೆ: ವಾರಕ್ಕೊಮ್ಮೆ ಬಿಳಿ ಹಾಳೆ ಪರೀಕ್ಷೆ, ಒಂದು ಚುಕ್ಕೆ ಹರಿದರೂ ಆ ಟ್ರೇಗೆ ನೀರು, ಸಂಜೆಗೆ ಬೇವು. ಬಲೆ ಕಟ್ಟಿದ ಸಸಿಯನ್ನು ಉಳಿಸಲು ಹೋಗುವುದಿಲ್ಲ, ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ. ಗಂಧಕ ಮಳೆಗಾಲದ ಗುಲಾಬಿಗೆ ಮಾತ್ರ. ಔಷಧದ ಬಾಟಲಿ ಬೀಗದೊಳಗಿದೆ, ಕಾಯಿಗೆ ಬಂದ ಗಿಡಕ್ಕೆ ಅದನ್ನು ಮುಟ್ಟಿಸುವುದಿಲ್ಲ. ಬೀನ್ಸ್ ಸಸಿಯನ್ನಂತೂ ಇನ್ನು ಕೋಣೆಯೊಳಗೆ ಇಡುವುದೇ ಇಲ್ಲ. ನೇರ ಮಹಡಿಯ ಕುಂಡಕ್ಕೇ ಬೀಜ.